ಏರುವುದು ಯಾರದು, ಇಳಿಯುವುದು ಯಾರದು

“ಏ ಶೆಟ್ಟೆವ್ವಾ, ಮ್ಯಾಲ ಬಂದು ಮಾತಾಡು. ಸಭಾ ಇಲ್ಲಿ ನಡದೈತಿ. ಕೆಳಗ ಕುಂತು ನಾಯಿ ಒದರಿದಂಗ ಒದರಬ್ಯಾಡ.”

ಪಂಚಾಯ್ತಿ ಅಧ್ಯಕ್ಷ ಬಸಂತರಾಯ ಕಚೇರಿಯ ಪಡಸಾಲೆಯಿಂದ ಹೀಗೆಂದಾಗ ಶೆಟ್ಟೆವ್ವ ತನ್ನ ಮೂರು ಗಾಲಿಯ ಗಾಡಿಯಲ್ಲಿ ಕುಳಿತು ಎದುರಿನ ಪಾವಟಿಗೆಯ ಮೆಟ್ಟಿಲುಗಳನ್ನು ಎಣಿಸಿದಳು. ಆರು. ಆಲಮೇಲದ ಕಡೆ ಕಬ್ಬು ಹೇರುವಾಗ ಟ್ರ್ಯಾಕ್ಟರ್ ಹಾಯ್ದು ಮೊಣಕಾಲಿನ ಕೆಳಗೆ ಎರಡೂ ಕಾಲು ಕಳೆದುಕೊಂಡವಳಿಗೆ ಆರೂ ಒಂದೇ, ಅರವತ್ತೂ ಒಂದೇ. ಬಾಯಿಯ ಮೇಲೆ ಮಾತ್ರ ಯಾವ ಟ್ರ್ಯಾಕ್ಟರೂ ಹಾಯ್ದಿರಲಿಲ್ಲ.

ಅವಳು ಕೇಳಿದ್ದು ಅರಮನೆಯನ್ನಲ್ಲ. ಮನೆ ಬಾಗಿಲ ಮುಂದಿನ ಮೂರು ಪಾವಟಿಗೆ ಒಡೆದು, ಗಾಡಿ ಹತ್ತುವಂತೆ ಒಂದು ಇಳಿಜಾರು ಕಟ್ಟಿಕೊಡಿ ಎಂದಿದ್ದಳು. ಇಷ್ಟು ದಿನ ಮಗಳು ಪಲ್ಲವಿ ಅವಳನ್ನು ಎತ್ತಿ ಇಳಿಸುತ್ತಿದ್ದಳು. ಈಗ ಪಲ್ಲವಿಗೆ ಏಳು ತಿಂಗಳು. ಭಾರ ಎತ್ತಬೇಡ ಎಂದು ಡಾಕ್ಟರು ಗದರಿದ್ದರೂ ಕೇಳದೆ, ಮೊನ್ನೆ ಅವ್ವನನ್ನು ಎತ್ತಲು ಹೋಗಿ ಹೊಟ್ಟೆ ಹಿಡಿದುಕೊಂಡು ಕುಸಿದಾಗ ಶೆಟ್ಟೆವ್ವನ ಜೀವ ಹಾರಿಹೋಗಿತ್ತು. ಅದಕ್ಕೇ ಇವತ್ತು ಕುಂಡಿಯ ಮೇಲೆ ಜಾರಿಕೊಂಡೇ ಇಳಿದು ಬಂದಿದ್ದಳು.

ತೊಡಕೆಂದರೆ, ಅವಳ ಮನೆ ಸಿಂದಗಿ ತಾಲೂಕಿನದು, ಮುಂದಿನ ದಾರಿ ಇಂಡಿ ತಾಲೂಕಿನದು. ಅಂಗವಿಕಲರ ನಿಧಿ ಎರಡೂ ಪಂಚಾಯ್ತಿಗಳಲ್ಲಿತ್ತು. ಅರ್ಜಿಯಲ್ಲಿ ‘ಇಳಿಜಾರು’ ಎಂಬ ಶಬ್ದ ಓದಿದ ಬಸಂತರಾಯ, ಇಳಿಯುವುದು ಮನೆಯಿಂದ, ಅಷ್ಟು ನಮ್ಮ ಪಾಲು; ಏರುವುದು ದಾರಿಯಿಂದ, ಅದನ್ನು ಆಚೆಯವರು ನೋಡಲಿ ಎಂದ. ಆಚೆ ಪಂಚಾಯ್ತಿಯ ಅಧ್ಯಕ್ಷ ಶ್ರೀಶೈಲ, ಅರ್ಜಿಯಲ್ಲಿ ‘ಏರುಜಾರು’ ಎಂದು ಎಲ್ಲಿ ಬರೆದಿದೆ ತೋರಿಸಿ ಎಂದ. ಆರು ತಿಂಗಳು ಕಾಗದ ಬಸ್ಸು ಹತ್ತಿ ಓಡಾಡಿತು. ಪಲ್ಲವಿಯ ಹೊಟ್ಟೆ ಬೆಳೆಯಿತು, ಇಳಿಜಾರು ಬೆಳೆಯಲಿಲ್ಲ. ಕೊನೆಗೆ ಇವತ್ತು ಎರಡೂ ಪಂಚಾಯ್ತಿಗಳ ಜಂಟಿ ಸಭೆ. ಫಲಾನುಭವಿ ಸಭೆಯೊಳಗೇ ಬಂದು ಹೆಬ್ಬೆಟ್ಟು ಒತ್ತಬೇಕಂತೆ.

ಯಾರಾದರೂ ಎತ್ತಿಕೊಂಡು ಬನ್ನಿ ಎಂದು ಶ್ರೀಶೈಲ ಉದಾರವಾಗಿ ಹೇಳಿದ. ಒಬ್ಬ ಸದಸ್ಯ ಮೊಬೈಲು ನೋಡಿದ, ಇನ್ನೊಬ್ಬ ಫ್ಯಾನು ನೋಡಿದ. ಗಾಡಿ ಸರ್ಕಾರದ್ದು, ಆದರೆ ಅದರಲ್ಲಿ ಕುಳಿತವಳು ಊರ ಹೊರಗಿನ ಕೇರಿಯವಳು. ಹಿಂದೆ ನಿಂತಿದ್ದ ಪಲ್ಲವಿ ಸೆರಗು ಸಿಕ್ಕಿಸಿ ಮುಂದೆ ಬಂದಳು. ಶೆಟ್ಟೆವ್ವ ಅವಳನ್ನು ಗದರಿ ಕೂರಿಸಿದಳು.

“ಹೆಣಾ ಎತ್ತಾಕ ನಾಕ ಮಂದಿ ಬರ್ತಾರ. ನಾ ಇನ್ನೂ ಸತ್ತಿಲ್ಲಲ್ರಿ, ಅದ ನನ್ನ ತಪ್ಪು.”

ಫಲಾನುಭವಿ ಗೈರುಹಾಜರು ಎಂದು ಬರೆಸಿ ಬಸಂತರಾಯ ಕಡತ ಕಟ್ಟಿಸಿದ. ಅವನ ಮನೆಯಲ್ಲಿ ಎಲ್ಲರಿಗೂ ಹೋಳಿಗೆ ಊಟ ಕಾದಿತ್ತು. ಸದಸ್ಯರು ದಡಬಡನೆ ಎದ್ದರು.

ಪಡಸಾಲೆಯ ಸುತ್ತ ಕಬ್ಬಿಣದ ಜಾಳಿಗೆ. ಇಳಿಯಲು ಆ ಪಾವಟಿಗೆಯೊಂದೇ ದಾರಿ. ಶೆಟ್ಟೆವ್ವ ಗಾಡಿಯನ್ನು ಅದರ ಬುಡಕ್ಕೆ ಅಡ್ಡಲಾಗಿ ತಂದು, ಎರಡೂ ಕಡೆಯ ಗೋಡೆಗೆ ತಾಗಿಸಿ ಬ್ರೇಕು ಹಾಕಿದಳು. ಆಮೇಲೆ ರೊಟ್ಟಿಯ ಗಂಟು ಬಿಚ್ಚಿದಳು.

“ಗಾಡಿ ಸರಸ, ಭಾಡಕೋ,” ಎಂದ ಶ್ರೀಶೈಲ.

“ಕೈ ಹಚ್ಚಿ ಸರಸ್ರಿ.”

ಯಾರೂ ಅಲುಗಲಿಲ್ಲ. ಶೆಟ್ಟೆವ್ವನಿಗೆ ನಗು ತಡೆಯಲಾಗಲಿಲ್ಲ.

“ಏರೂದು ನಿಮ್ಮ ಪಂಚಾಯ್ತಿದು, ಇಳಿಯೂದು ಬಸಂತರಾಯರದು. ನೀವೀಗ ಇಳಿಯಾಕತ್ತೀರಿ, ಅವರಿಗಿ ಅರ್ಜಿ ಬರೀರಿ. ಆರು ತಿಂಗಳದಾಗ ಏನರ ಆಕ್ಕೈತಿ.”

ಪಲ್ಲವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಅವಳಿಗೆ ಅರ್ಧ ರೊಟ್ಟಿ ಮುರಿದುಕೊಟ್ಟಳು. “ತಿನ್ನವ್ವಾ. ಜಂಟಿ ಸಭಾ ಈಗ ಚಾಲೂ ಆತು.”

ಬಿಸಿಲು ಏರಿತು. ಹೋಳಿಗೆ ಆರುತ್ತಿದೆಯೆಂದು ಎರಡು ಸಲ ಫೋನು ಬಂತು. ಕೊನೆಗೆ ಬಸಂತರಾಯ ಆರೂ ಪಾವಟಿಗೆ ಇಳಿದು ಬಂದು ಗಾಡಿಯ ಹಿಡಿಕೆಯತ್ತ ಕೈ ಚಾಚಿದ. ಒಂದು ಬೆರಳಿನಷ್ಟು ದೂರದಲ್ಲಿ ಆ ಕೈ ನಿಂತುಬಿಟ್ಟಿತು. ಶೆಟ್ಟೆವ್ವ ಅದನ್ನೇ ನೋಡುತ್ತ ನಿಧಾನವಾಗಿ ರೊಟ್ಟಿ ಅಗಿಯುತ್ತಿದ್ದಳು.