ಏಳನೇ ಗ್ರೀನಿನ ಎರಡು ಮಿಲಿಮೀಟರ್

ನಿವೃತ್ತಿಯಾದ ಮೇಲೆ ಕೆಲವರಿಗೆ ಮಂಡಿ ನೋವು ಬರುತ್ತದೆ, ಕೆಲವರಿಗೆ ವೈರಾಗ್ಯ ಬರುತ್ತದೆ. ಅಳತೆ ಸಾಹೇಬರಿಗೆ ಗಾಲ್ಫ್ ಬಂತು, ಅದರ ಬೆನ್ನಿಗೇ ದೂರು ಬಂತು. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ಅಂಗಡಿ ಅಂಗಡಿ ತಿರುಗಿ, ತಕ್ಕಡಿಯ ತಟ್ಟೆಯಡಿ ಅಂಟಿಸಿದ ಅಯಸ್ಕಾಂತವನ್ನೂ ಬಟ್ಟೆ ವ್ಯಾಪಾರಿಯ ಮೊಂಡು ಮೀಟರ್ ಕೋಲನ್ನೂ ಹಿಡಿದ ಕಣ್ಣು ಅವರದು. ಅಂಥ ಕಣ್ಣು ಮನೆಯಲ್ಲಿ ಕೂತು ಸುಮ್ಮನೆ ಗೋಡೆ ನೋಡುತ್ತದೆಯೇ? ನೋಡಿತು, ಮೂರು ತಿಂಗಳು. ಗೋಡೆ ನೆಟ್ಟಗಿಲ್ಲ ಎಂದು ಹೆಂಡತಿಗೆ ದಿನಕ್ಕೆರಡು ಸಲ ವರದಿ ಕೊಟ್ಟಿತು. ಆಕೆ ತಾಳಲಾರದೆ ತಮ್ಮನಿಗೆ ಫೋನು ಮಾಡಿದಳು.

"ನಿನ್ನ ಭಾವನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೋ, ಪುಣ್ಯ ಬರುತ್ತೆ."

ಅವನು ಭಾವನನ್ನು ತಾನು ಆಡುವ ಊರ ಹೊರಗಿನ ಗಾಲ್ಫ್ ಕ್ಲಬ್ಬಿಗೆ ಸೇರಿಸಿದ. ಪುಣ್ಯ ಯಾರಿಗೆ ಬಂತೋ ಗೊತ್ತಿಲ್ಲ.

ಗಾಲ್ಫ್ ಆಡುವವರಿಗೆ ಮೈದಾನದ ಮೇಲೆ ಗೊಣಗುವುದು ಹೊಸದಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಹುಟ್ಟಿದ್ದೇ ಅಂಥ ಜಾಗದಲ್ಲಿರಬೇಕು. ಭಾವಮೈದುನನಿಗೆ ಚೆಂಡು ತೊಳೆಯುವ ಡಬ್ಬಿಯಲ್ಲಿ ಯಾವಾಗಲೂ ನೀರಿಲ್ಲ. ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಹೊಡೆಯಲು ಕೈಯೆತ್ತಿದ ಗಳಿಗೆಗೇ ಎಲೆ ಊದುವ ಮಷಿನ್ ಅರಚುತ್ತದೆ. ಮರಳುಗುಂಡಿಯ ಕುಂಟೆ ಹಲ್ಲು ಮೇಲಾಗಿ ಬಿದ್ದಿರುತ್ತದೆ. ಬೆಳಗ್ಗೆಯೆಲ್ಲ ಸುಮ್ಮನಿದ್ದ ನೀರಿನ ಚಿಲುಮೆ, ಒಗೆದ ಬಟ್ಟೆ ಹಾಕಿಕೊಂಡವರು ಹತ್ತಿರ ಬಂದಾಗಲೇ ತಿರುಗಲು ಶುರುಮಾಡುತ್ತದೆ. ಇದನ್ನೆಲ್ಲ ಅವರು ಚಹಾ ಕುಡಿಯುತ್ತ ಆಡುತ್ತಿದ್ದರು, ಲೋಟ ಕೆಳಗಿಡುವಷ್ಟರಲ್ಲಿ ಮರೆಯುತ್ತಿದ್ದರು.

ಸಾಹೇಬರು ಬರೆದರು. ಕ್ಲಬ್ಬಿನ ವರಾಂಡದಲ್ಲಿ ದಾರ ಕಟ್ಟಿ ತೂಗುಹಾಕಿದ್ದ ದೂರಿನ ಪುಸ್ತಕದಲ್ಲಿ ಅವರು ಬರುವ ತನಕ ಜೇಡ ಸಂಸಾರ ಹೂಡಿತ್ತು. ಹದಿನಾಲ್ಕು ತಿಂಗಳಲ್ಲಿ ಅವರು ಇನ್ನೂರ ಹನ್ನೆರಡು ದೂರು ಬರೆದರು. ಪ್ರತಿಯೊಂದಕ್ಕೂ ತಾರೀಖು, ಗಂಟೆ, ಅಳತೆ. 'ಮೂರನೇ ಕುಳಿಯ ಅಂಚು ಒಂದು ಕಡೆ ನಾಲ್ಕು ಮಿಲಿಮೀಟರ್ ಎತ್ತರ.' 'ಐದನೇ ಮರಳುಗುಂಡಿಯಲ್ಲಿ ಮರಳು ಎಡಕ್ಕೆ ಹನ್ನೊಂದು ಸೆಂಟಿಮೀಟರ್, ಬಲಕ್ಕೆ ಏಳು.' 'ಎಂಟರ ಬೆಂಚಿಗೆ ಒಂದು ಕಾಲು ಗಿಡ್ಡ.' ಮಂಗಳವಾರ ಒದ್ದೆ ಎಂದು ಬರೆದ ಹುಲ್ಲನ್ನೇ ಗುರುವಾರ ಒಣಗಿದೆ ಎಂದು ಬರೆದದ್ದೂ ಉಂಟು.

ಇಷ್ಟಕ್ಕೂ ಆಧಾರ ಅವರ ಕೋಲು. ನೌಕರಿಗೆ ಸೇರಿದಂದಿನಿಂದ ಕೈಯಲ್ಲಿದ್ದ ಒಂದಡಿ ಉದ್ದದ ಮರದ ಅಳತೆಕೋಲು, ಎರಡೂ ತುದಿಗೆ ಹಿತ್ತಾಳೆಯ ಟೋಪಿ. ಅಂಗಡಿ ಹೊಕ್ಕ ಕೂಡಲೇ ಅದರಿಂದ ಗಲ್ಲಾದ ಮೇಜನ್ನು ಟಕಟಕ ಬಡಿಯುವುದು ಅವರ ರೂಢಿ. ಆ ಸದ್ದಿಗೆ ವ್ಯಾಪಾರಿಗಳ ಎದೆ ಧಸಕ್ಕೆನ್ನುತ್ತಿತ್ತು. ಸುಳ್ಳು ಕೋಲು ಸಿಕ್ಕರೆ ಯಜಮಾನನ ಎದುರಿಗೇ ಮಂಡಿಗೆ ಒತ್ತಿ ಮುರಿಯುತ್ತಿದ್ದರು. ಆಗೆಲ್ಲ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: "ಗೊತ್ತಿರ್ಲಿಲ್ಲ ಸಾಹೇಬ್ರೇ." ಕೋಲು ನಿನ್ನದು, ಕೈ ನಿನ್ನದು, ಗೊತ್ತಿರಲಿಲ್ಲ ಅಂದರೆ ಏನರ್ಥ? ಮೂವತ್ತೊಂದು ವರ್ಷದಲ್ಲಿ ಸಾಹೇಬರು ಆ ಮಾತನ್ನು ಒಂದು ಸಲವೂ ನಂಬಲಿಲ್ಲ.

ಇನ್ನು ಏಳನೇ ಗ್ರೀನಿನ ಕಥೆ. ಗ್ರೀನ್ ಎಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತ ಜಮಖಾನದಷ್ಟು ನುಣ್ಣಗೆ ಕತ್ತರಿಸಿಟ್ಟ ಹುಲ್ಲು. ಅದರ ಎತ್ತರ ನಾಲ್ಕು ಮಿಲಿಮೀಟರ್ ಇರಬೇಕೆಂದು ಕ್ಲಬ್ಬಿನ ನಿಯಮ. ಎರಡು ತಿಂಗಳ ಹಿಂದೆ ಸಾಹೇಬರು ಏಳನೆಯದರ ಮೇಲೆ ಮಂಡಿಯೂರಿ ಕೋಲು ನಿಲ್ಲಿಸಿ ನೋಡಿದರು. ಆರಿತ್ತು. 'ಎರಡು ಮಿಲಿಮೀಟರ್ ಇಳಿಸತಕ್ಕದ್ದು' ಎಂದು ಬರೆದರು. ನಾಲ್ಕು ದಿನ ಬಿಟ್ಟು ಅಳೆದರೆ ಸರಿಯಾಗಿ ನಾಲ್ಕು. ತೃಪ್ತಿಯಿಂದ 'ಈಗ ಸರಿಯಿದೆ' ಎಂದು ಬರೆದರು. ಇಡೀ ಪುಸ್ತಕದಲ್ಲಿದ್ದ ಒಂದೇ ಒಂದು ಒಳ್ಳೆಯ ಮಾತು ಅದು. ಹದಿನೈದು ದಿನಕ್ಕೆ ಬಿಸಿಲು ಏರಿತು, ಆ ಗ್ರೀನಿನ ನಡುವೆ ಚಾಪೆಯಗಲ ಹಳದಿ ಮಚ್ಚೆ ಎದ್ದಿತು. ಆಮೇಲೆ ಹುಲ್ಲು ಸತ್ತು ಮಣ್ಣು ಕಂಡಿತು. ಚೆಂಡು ಅಲ್ಲಿ ಕುಂಟಿಕೊಂಡು ಹೋಗಿ ಕುಳಿ ತಪ್ಪುತ್ತಿತ್ತು. ಎಲ್ಲರೂ ಬೈದರು. ಸಾಹೇಬರು ಬರೆದರು: 'ಏಳನೇ ಗ್ರೀನ್ ಸತ್ತಿದೆ. ಕಾರಣ, ಮೇಸ್ತ್ರಿಯ ಅಲಕ್ಷ್ಯ.'

ಮೇಸ್ತ್ರಿ ಎಂದರೆ ಇಪ್ಪತ್ತೆರಡು ವರ್ಷದಿಂದ ಆ ಮೈದಾನದ ಹುಲ್ಲು ನೋಡಿಕೊಂಡವನು. ಕ್ಲಬ್ಬಿನ ಹಿಂದೆ, ಮಷಿನುಗಳ ಶೆಡ್ಡಿಗೆ ಆತುಕೊಂಡ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ. ಕೆಲಸವಿರುವ ತನಕ ಆ ಮನೆ ಅವನದು.

ಗುರುವಾರ ಆಟ ಮುಗಿಸಿ ಚಹಾಕ್ಕೆ ಕೂತಾಗ ಹಲ್ಲಿನ ಡಾಕ್ಟರು ಕುರ್ಚಿ ಎಳೆದುಕೊಂಡು ಸಾಹೇಬರ ಪಕ್ಕಕ್ಕೆ ಬಂದರು.

"ಸಾಹೇಬ್ರೇ, ನಿಮ್ಮ ಪುಸ್ತಕ ಚಿನ್ನ ಕಣ್ರೀ. ಭಾನುವಾರ ಸಭೆ ಇದೆ. ಮೇಸ್ತ್ರಿನ ಬಿಡಿಸಿ, ಮೈದಾನದ ಕೆಲಸ ಒಂದು ಕಂಪನಿಗೆ ಕೊಡೋಣ ಅಂತಿದೀನಿ. ಕೆಲವರು ಅಯ್ಯೋ ಪಾಪ ಅಂತ ರಾಗ ಎಳೀತಾರೆ. ನೀವು ಎದ್ದು ನಿಂತು ನಿಮ್ಮ ದೂರು ಓದಿಬಿಡಿ. ಏಳನೇ ಗ್ರೀನನ್ನ ಕೊನೇಲಿ ಇಟ್ಕೊಳ್ಳಿ. ನಿಮ್ಮ ಅಳತೆ ಮುಂದೆ ಯಾರೂ ಬಾಯಿ ಬಿಡಲ್ಲ."

"ಬಿಡಿಸೋದಾ?" ಎಂದರು ಸಾಹೇಬರು.

"ಹುಳುಕು ಹಲ್ಲು, ಕೀಳದೆ ಇನ್ನೇನು?"

ಭಾವಮೈದುನ ಲೋಟದಿಂದ ತಲೆಯೆತ್ತಲಿಲ್ಲ. "ಬೆಂಚಿನ ಕಾಲು ಗಿಡ್ಡ ಅಂತಿದ್ರಿ ಭಾವ. ಈಗ ನೋಡಿ, ಒಬ್ಬನ ಮನೇನೇ ಅಲ್ಲಾಡ್ತಿದೆ."

ಆ ಸಂಜೆ ಸಾಹೇಬರು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಿಟಕಿ ತೆರೆದರು, ಮುಚ್ಚಿದರು. ನೆಟ್ಟಗಿದ್ದ ಪೇಪರಿನ ಕಟ್ಟನ್ನು ಇನ್ನೊಮ್ಮೆ ನೆಟ್ಟಗೆ ಮಾಡಿದರು. ಅವರಿಗೆ ಬೇಕಾಗಿದ್ದದ್ದು ಮರಳು ಸಮ ಆಗುವುದು, ಬೆಂಚು ಅಲುಗಾಡದಿರುವುದು. ಮನುಷ್ಯನನ್ನು ತೆಗೆದುಹಾಕಿ ಎಂದು ಎಲ್ಲಿ ಬರೆದಿದ್ದರು? ಬರೆದಿರಲಿಲ್ಲ. ಆದರೆ ಇನ್ನೂರ ಹನ್ನೆರಡು ಸಲ ಬರೆದದ್ದನ್ನು ಒಟ್ಟಿಗೆ ಓದಿದರೆ ಬೇರೆ ಅರ್ಥವೂ ಹುಟ್ಟುತ್ತಿರಲಿಲ್ಲ.

"ಏನ್ರೀ, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದೀರಾ?" ಎಂದಳು ಹೆಂಡತಿ.

"ಏನಿಲ್ಲ. ಗೋಡೆ ನೋಡ್ತಿದ್ದೆ."

ಶುಕ್ರವಾರ ಬೆಳಗ್ಗೆ ಅವರು ನೇರ ಮೇಸ್ತ್ರಿಯ ಶೆಡ್ಡಿಗೆ ಹೋದರು. ಹದಿನಾಲ್ಕು ತಿಂಗಳಲ್ಲಿ ಅದರೊಳಗೆ ಕಾಲಿಟ್ಟದ್ದು ಅದೇ ಮೊದಲು. ಮೇಸ್ತ್ರಿ ನೆಲದ ಮೇಲೆ ಕೂತು ಮಷಿನಿನ ಅಲಗನ್ನು ಉಜ್ಜುತ್ತಿದ್ದ. ಗೋಡೆಯ ಮೊಳೆಗೆ ಚುಚ್ಚಿದ ಚೀಟಿಗಳ ಗೊಂಚಲೊಂದು ನೇತಾಡುತ್ತಿತ್ತು. ಹತ್ತಿರ ಹೋಗಿ ನೋಡಿದರೆ ತಮ್ಮವೇ ದೂರುಗಳು, ದುಂಡಗಿನ ಅಕ್ಷರದಲ್ಲಿ ನಕಲು ಮಾಡಿದವು. ಹೆಚ್ಚುಕಮ್ಮಿ ಎಲ್ಲದರ ಮೇಲೂ ಕೆಲಸ ಮುಗಿದ ಗುರುತಿಗೆ ಗೆರೆ ಎಳೆದಿತ್ತು.

"ಮಗಳು ಬರ್ಕೊಡ್ತಾಳೆ ಸಾಹೇಬ್ರೇ," ಎಂದ ಮೇಸ್ತ್ರಿ ಎದ್ದು ನಿಂತು. "ಎಂಟರ ಬೆಂಚಿಗೆ ಚಪ್ಪಟೆ ಕಲ್ಲು ಕೊಟ್ಟಿದೀನಿ, ನೋಡಿದ್ರಾ?"

ನೋಡಿರಲಿಲ್ಲ. ಸರಿಯಾದದ್ದನ್ನು ನೋಡುವ ಅಭ್ಯಾಸ ಸಾಹೇಬರಿಗೆ ಯಾವತ್ತೂ ಇರಲಿಲ್ಲ.

"ಏಳನೇ ಗ್ರೀನ್ ಯಾಕೆ ಸತ್ತಿತು ಮೇಸ್ತ್ರಿ?"

"ಜಾಸ್ತಿ ಇಳಿಸಿದ್ದಕ್ಕೆ. ಎರಡು ಮಿಲಿಮೀಟರ್ ಅಂದ್ರೆ ಬಿಸಿಲು ತಡ್ಕೊಳ್ಳೋಕೆ ಹುಲ್ಲಿಗೆ ಎಲೆನೇ ಉಳಿಯಲ್ಲ."

"ಎರಡಕ್ಕೆ ಇಳಿಸು ಅಂದವರು ಯಾರು?"

ಮೇಸ್ತ್ರಿ ಅಲಗನ್ನು ಬಟ್ಟೆಯಲ್ಲಿ ಒರೆಸಿದ. "ಆರಿದೆ, ಎರಡು ಇಳಿಸು ಅಂತ ಬರೆದಿದ್ರಿ. ನನ್ನ ಮಷಿನ್ ನಾಲ್ಕಕ್ಕೇ ಇತ್ತು. ಅದರಿಂದ ಎರಡು ಇಳಿಸಿದೆ. ಎಲ್ಲಾ ಗ್ರೀನಿಗೂ ಒಂದೇ ಅಳತೆ, ಆದ್ರೂ ಮೊದಲು ಒಂದರಲ್ಲಿ ನೋಡೋಣ ಅಂತ ಏಳರಲ್ಲಿ ಮಾತ್ರ. ಇಲ್ಲಾಂದ್ರೆ ಹದಿನೆಂಟು ಗ್ರೀನೂ ಹೋಗಿರೋವು."

"ಹಾಗಾದ್ರೆ ನಿನ್ನ ಮಷಿನಿನ ಅಳತೆ ಸುಳ್ಳು."

"ಇರಬಹುದು ಸಾಹೇಬ್ರೇ."

ವಾದ ಮಾಡುವವನನ್ನು ಮಣಿಸಬಹುದು. ಇರಬಹುದು ಎನ್ನುವವನನ್ನು ಏನು ಮಾಡುವುದು? ಸಾಹೇಬರು ಧುಮುಗುಡುತ್ತ ಮನೆಗೆ ಬಂದು ಕೋಲನ್ನು ಹೊರಗೆಳೆದರು. ಬೆಂಕಿಪೊಟ್ಟಣವನ್ನು ನಿಲ್ಲಿಸಿ ಅಳೆದರು. ಹೆಂಡತಿಯ ಹೊಲಿಗೆ ಟೇಪಿನಲ್ಲಿ ಅಳೆದರು. ಕೋಲಿನಲ್ಲಿ ಎರಡು ಮಿಲಿಮೀಟರ್ ಹೆಚ್ಚು ಬಂತು.

"ನಿನ್ನ ಟೇಪು ಜಗ್ಗಿಹೋಗಿದೆ ಕಣೇ!"

"ನನ್ನ ಟೇಪಿಗೆ ಏನಾಗಿದೆ? ನಿಮ್ಮ ಅಂಗಿ ಸರಿಯಾಗೇ ಇದೆಯಲ್ಲ."

ಪುಸ್ತಕ ಅಳೆದರು, ಎರಡು ಹೆಚ್ಚು. ಡಬ್ಬಿ ಅಳೆದರು, ಎರಡು ಹೆಚ್ಚು. ಸಾಹೇಬರು ಟೇಪನ್ನು ಕೆಳಗಿಟ್ಟರು. ಜಗ್ಗಿದ ಟೇಪು ದೊಡ್ಡ ವಸ್ತುವಿಗೆ ದೊಡ್ಡ ತಪ್ಪು ಹೇಳುತ್ತದೆ, ಚಿಕ್ಕದಕ್ಕೆ ಚಿಕ್ಕದು. ಎಲ್ಲದಕ್ಕೂ ಒಂದೇ ತಪ್ಪು ಹೇಳುವುದು ತುದಿ ಮೊಂಡಾದ ಕೋಲು ಮಾತ್ರ. ಇಲಾಖೆಗೆ ಬಂದ ಎಷ್ಟೋ ಹೊಸಬರಿಗೆ ಈ ಪಾಠ ಹೇಳಿಕೊಟ್ಟವರು ಅವರೇ.

ಕೋಲನ್ನು ತಿರುಗಿಸಿದರು. ಮೇಲಿನ ತುದಿಯಲ್ಲಿ ಹಿತ್ತಾಳೆ ಹೊಳೆಯುತ್ತಿತ್ತು. ಹುಲ್ಲಿಗೆ ಊರುವ ತುದಿಯಲ್ಲಿ ಬರೀ ಮರ, ಮಣ್ಣು ಮೆತ್ತಿ ಕಪ್ಪಾದದ್ದು; ಕೋಲಿನ ಮೊದಲ ಎರಡು ಮಿಲಿಮೀಟರ್ ಆಗಿದ್ದ ಟೋಪಿಯೇ ಇಲ್ಲ. ದೀಪದ ಬುಡದಲ್ಲಿ ಕತ್ತಲೆ.

"ಟೋಪಿ ಹುಡುಕ್ತಿದೀರಾ?" ಹೆಂಡತಿ ಗುಂಡಿಗಳ ಡಬ್ಬಿ ತೆರೆದು ಬಟಾಣಿಯಷ್ಟು ಹಿತ್ತಾಳೆಯ ತುಂಡನ್ನು ಅಂಗೈ ಮೇಲಿಟ್ಟಳು. "ಪ್ಯಾಂಟು ಒಗೆಯೋವಾಗ ಜೇಬಲ್ಲಿ ಸಿಕ್ಕಿತ್ತು. ಎರಡು ತಿಂಗಳ ಮೇಲಾಯ್ತು. ಅವತ್ತೇ ಹೇಳಿದ್ದೆ. ನೀವು ದೂರಿನ ಕರಡು ಬರೀತಾ ಹೂಂ ಅಂದ್ರಿ."

ಅದನ್ನು ತುದಿಗೆ ಒತ್ತಿದರು. ಟಿಕ್ ಎಂದು ಕೂತಿತು. ಬೆಂಕಿಪೊಟ್ಟಣ ಅಳೆದರೆ ಕೋಲೂ ಟೇಪೂ ಒಂದೇ ಮಾತು. ಒಂದು ಹನಿ ಅಂಟು ಹಾಕಿದರೆ ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಭಾನುವಾರ ಓದಬಹುದು, ಡಾಕ್ಟರು ಬೆನ್ನು ತಟ್ಟುತ್ತಾರೆ, ಅಳತೆ ಸಾಹೇಬರು ಅಳತೆ ಸಾಹೇಬರಾಗಿಯೇ ಉಳಿಯುತ್ತಾರೆ. ಶನಿವಾರವಿಡೀ ಅಂಟಿನ ಶೀಶೆ ಮೇಜಿನ ಮೇಲಿತ್ತು. ಟೋಪಿ ಹಾಕಿದರು, ಕಿತ್ತರು. ಊಟದ ನಡುವೆ ಎದ್ದು ಹೋಗಿ ಮತ್ತೆ ಹಾಕಿದರು. ಅವರಿಗೆ ನಾಚಿಕೆಯಾಗಿತ್ತು, ನಾಚಿಕೆಗಿಂತ ಹೆಚ್ಚಾಗಿ ಭಯವಾಗಿತ್ತು. ಆ ಕೋಲನ್ನು ಕಳೆದರೆ ತಾವೊಬ್ಬ ಮುದುಕ, ಅಷ್ಟೇ.

ಭಾನುವಾರ ಕ್ಲಬ್ಬಿನ ಹಾಲಿನಲ್ಲಿ ನಲವತ್ತು ಜನ ಸೇರಿದ್ದರು. ಮೇಸ್ತ್ರಿ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಡಾಕ್ಟರು ಕಣ್ಸನ್ನೆ ಮಾಡಿದರು. ಸಾಹೇಬರು ಎದ್ದು ಪುಸ್ತಕ ಬಿಡಿಸಿದರು, ಬೆಂಚಿನ ದೂರು ಓದಿದರು. ಕೆಲವರು ನಕ್ಕರು. ಮರಳಿನ ದೂರು ಓದಿದರು. ಏಳನೇ ಗ್ರೀನಿನ ಪುಟ ಬಂತು.

"ಇಲ್ಲಿ ಆರು ಮಿಲಿಮೀಟರ್ ಅಂತ ಬರೆದಿದೀನಿ," ಎಂದರು. "ಇದು ಸುಳ್ಳು. ಹುಲ್ಲು ನಾಲ್ಕೇ ಇತ್ತು." ಜೇಬಿನಿಂದ ಕೋಲು ತೆಗೆದು, ಟೋಪಿಯನ್ನು ಕಿತ್ತು, ಎರಡನ್ನೂ ಅಧ್ಯಕ್ಷರ ಮುಂದಿಟ್ಟರು. "ನನ್ನ ಕೋಲು ಮೊಂಡಾಗಿತ್ತು. ಈ ಮನುಷ್ಯ ನನ್ನ ಮಾತು ಕೇಳಿ ಕತ್ತರಿಸಿದ. ಗ್ರೀನ್ ಕೊಂದಿದ್ದು ನಾನು."

ಮುಂದಿನ ಸಾಲಿನವರು ಬಾಗಿ ಆ ಕೋಲನ್ನು ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಅಳತೆ ಸಾಹೇಬ್ರ ಕೋಲೇ ಮೊಂಡಂತೆ!" ಎಂದರು, ನಗು ಎದ್ದಿತು. ಡಾಕ್ಟರ ಮುಖ ಕೆಂಪಾಗಿತ್ತು.

"ಅಲ್ರೀ, ಮೂವತ್ತು ವರ್ಷ ಇದೇ ಕೆಲಸ ಮಾಡಿದೋರು ನೀವು. ಗೊತ್ತಿರ್ಲಿಲ್ವಾ?"

"ಗೊತ್ತಿರ್ಲಿಲ್ಲ," ಎಂದರು ಸಾಹೇಬರು.

ಮಾತು ಬಾಯಿಂದ ಬಿದ್ದ ಮೇಲೆ ಅದು ಎಲ್ಲಿ ಕೇಳಿದ ಮಾತೆಂದು ಹೊಳೆಯಿತು. ಮುರಿದ ಮೀಟರ್ ಕೋಲಿನ ಎರಡು ತುಂಡನ್ನು ಎರಡು ಕೈಯಲ್ಲಿ ಹಿಡಿದು ನಿಂತ ಬಟ್ಟೆ ಅಂಗಡಿಯ ಮುದುಕನೊಬ್ಬ ಕಣ್ಣೆದುರು ಬಂದ. ಅವನ ಹಿಂದೆ ಇನ್ನೂ ಎಷ್ಟೋ ಜನ. ಅವರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ಗೊತ್ತಿರಲಿಲ್ಲವೋ! ಸಾಹೇಬರು ಕೋಲನ್ನೆತ್ತಿ ಮಂಡಿಗೆ ಒತ್ತಿದರು. ಮೊದಲ ಸಲಕ್ಕೆ ಮುರಿಯಲಿಲ್ಲ, ಮಂಡಿಯೇ ನೊಂದಿತು. ಎರಡನೇ ಸಲಕ್ಕೆ ಮುರಿಯಿತು. ಆಗ ಯಾರೂ ನಗಲಿಲ್ಲ. ಮೇಸ್ತ್ರಿಯನ್ನು ಬಿಡಿಸುವ ಮಾತಿಗೆ ಐದು ಕೈಗಳೂ ಏಳಲಿಲ್ಲ.

ಸಂಜೆ ಸಾಹೇಬರು ಏಳನೇ ಗ್ರೀನಿಗೆ ಹೋದರು. ಮೇಸ್ತ್ರಿ ಸುತ್ತ ಹಗ್ಗ ಕಟ್ಟಿ, ಸತ್ತ ಜಾಗವನ್ನು ಕೆದಕಿ, ಹೊಸ ಬೀಜ ಉದುರಿಸಿದ್ದ.

"ನಂಗೆ ನಿಜವಾಗಿಯೂ ಗೊತ್ತಿರ್ಲಿಲ್ಲ ಮೇಸ್ತ್ರಿ," ಎಂದರು. ಅವನಾದರೂ ನಂಬಬೇಕೆಂಬ ಆಸೆ ಅವರಿಗೆ.

"ನಂಗೆ ಗೊತ್ತಿತ್ತು ಸಾಹೇಬ್ರೇ."

"ಏನು ಗೊತ್ತಿತ್ತು?"

"ತುದಿ ಹೋಗಿರೋದು. ನೀವು ಊರಿದ ಗುರುತು ಹುಲ್ಲಲ್ಲಿತ್ತು. ಮೊದಲೆಲ್ಲ ದುಂಡಗೆ ನಯವಾಗಿ ಬೀಳೋದು. ಅವತ್ತು ಬಿದ್ದಿದ್ದು ಬರೀ ಮರದ ಗುರುತು."

"ಗೊತ್ತಿದ್ದೂ ಕತ್ತರಿಸಿದ್ಯಾ? ಬಾಯಿ ಬಿಟ್ಟು ಹೇಳೋದಲ್ವಾ?"

ಮೇಸ್ತ್ರಿ ಬೀಜದ ಚೀಲದ ಬಾಯಿ ಕಟ್ಟಿದ. ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ನಮಗೆ ಬರೆಯೋಕೆ ಪುಸ್ತಕ ಎಲ್ಲಿದೆ ಸಾಹೇಬ್ರೇ?"

ಅವನು ಪೈಪು ಎಳೆದುಕೊಂಡು ಬಂದು ನೀರು ಬಿಟ್ಟ. ಸಾಹೇಬರು ಹಗ್ಗದ ಆಚೆಗೇ ನಿಂತಿದ್ದರು. ನೀರು ಅವರ ಬೂಟಿನ ತನಕ ಹರಿದು ಬಂದರೂ ಪಕ್ಕಕ್ಕೆ ಸರಿಯಲಿಲ್ಲ.