ಹದಿನಾಲ್ಕನೇ ಕುರಿಯ ಬಲಗಾಲು

ಹನ್ನೊಂದು ಗಂಟೆಗೆ ಹದಿನಾಲ್ಕನೇ ಕುರಿಯ ಬಲಗಾಲನ್ನು ಕೊಯ್ಯಬೇಕಾಗಿತ್ತು. ಹತ್ತೂ ಇಪ್ಪತ್ತಾದರೂ, ಅದಕ್ಕೆ ಅನುಮತಿ ಕೊಡಬೇಕಾದ ಪ್ರಾಣಿ ನೀತಿ ಸಮಿತಿ ಇನ್ನೂ ಕಾಫಿ ಕುಡಿಯುತ್ತಿತ್ತು. ಅನುಮತಿ ಮಾತ್ರ ಆಗಲೇ ಸಿದ್ಧವಾಗಿತ್ತು.

ಮಾಲೂರಿನ ಹೊರವಲಯದ ಆ ಸಂಶೋಧನಾಲಯದಲ್ಲಿ ಒಂದು ಪದ್ಧತಿಯಿತ್ತು. ಸದಸ್ಯರು ಒಳಗೆ ಕಾಲಿಟ್ಟ ಕೂಡಲೇ ನಿರ್ಣಯದ ಹಾಳೆಯ ತುದಿಯಲ್ಲಿ ಸಹಿ ಹಾಕುವರು. ಚರ್ಚೆ ಆಮೇಲೆ, ಬಿರಿಯಾನಿ ಬರುವುದು ತಡವಾದರೆ. ಹಾಳೆಯ ಮೇಲ್ಭಾಗವನ್ನು ತುಂಬುವ ಕಷ್ಟವನ್ನು ನಿರ್ದೇಶಕ ಮುರಳಿಮೋಹನ್ ತಾವೇ ವಹಿಸಿಕೊಂಡಿದ್ದರು. ಇದಕ್ಕೆ ಅವರು ಪರಸ್ಪರ ವಿಶ್ವಾಸವೆಂದು ಹೆಸರಿಟ್ಟಿದ್ದರು.

ಪಶುವೈದ್ಯೆ ಧನಶ್ರೀ ಸಮಿತಿಗೆ ಹೊಸಬಳು. ಹಾಜರಾತಿಯೆಂದುಕೊಂಡು ಅವಳೂ ಸಹಿ ಮಾಡಿದ್ದಳು. ಈಗ ಮೇಲಿನ ಸಾಲುಗಳನ್ನು ಓದಿ ಎದ್ದು ನಿಂತಳು.

"ಒಂದು ಪ್ರಾಣಿಗೆ ಒಂದೇ ದೊಡ್ಡ ಶಸ್ತ್ರಚಿಕಿತ್ಸೆ ಸರ್. ಎರಡನೇದಕ್ಕೆ ಬಲವಾದ ಕಾರಣ ಬೇಕು, ಸಮಿತಿ ಅದನ್ನ ನೋಡಿ ಒಪ್ಪಬೇಕು. ಎಡಗಾಲಿಗೆ ಪ್ಲೇಟ್ ಹಾಕಿ ಹನ್ನೊಂದೇ ದಿನ ಆಗಿರೋದು."

"ಒಪ್ಪಿದೆಯಲ್ಲಮ್ಮ. ಇಗೋ, ನೀವೂ ಒಪ್ಪಿದ್ದೀರಿ."

"ಕಾರಣ?"

"ಹೊಸ ಕುರಿ ಅಂದ್ರೆ ಹೊಸ ಅರ್ಜಿ, ಎರಡು ತಿಂಗಳು ಕಾಯಬೇಕು. ಇದಕ್ಕೆ ಇನ್ನೂ ಮೂರು ಕಾಲಿದೆ."

ಸಂಸ್ಥೆಯ ಮೂವರು ವಿಜ್ಞಾನಿಗಳು ನಕ್ಕರು. ನಿರ್ದೇಶಕರು ನಕ್ಕಾಗ ನಗುವುದು ಅವರ ಸಂಶೋಧನೆಯ ಅತ್ಯಂತ ಖಚಿತವಾದ ಭಾಗವಾಗಿತ್ತು.

ಉಳಿದವರು ಕೋದಂಡರಾಮಪ್ಪ, ತಾಯಲೂರಿನ ನಿವೃತ್ತ ಹೆಡ್‌ಮಾಸ್ಟರು, ಹೊರಗಿನಿಂದ ನೇಮಕಗೊಂಡ ಸದಸ್ಯರು. ಅವರು ಕುಳಿತಿದ್ದರೆ ಮಾತ್ರ ಸಭೆ ಸಭೆ. ಎದ್ದುಹೋದರೆ ನಿರ್ಣಯಕ್ಕೆ ಬೆಲೆಯಿಲ್ಲ. ನಾಲ್ಕು ವರ್ಷದಲ್ಲಿ ಅವರು ಕೈತೊಳೆಯಲು ಮಾತ್ರ ಎದ್ದಿದ್ದರು. ಕುರಿದೊಡ್ಡಿಯನ್ನಂತೂ ಒಮ್ಮೆಯೂ ನೋಡಿರಲಿಲ್ಲ.

"ಸಾರ್, ಒಂದ್ಸಲ ಬಂದು ನೋಡಿ," ಎಂದಳು ಧನಶ್ರೀ. "ಎರಡೇ ನಿಮಿಷ. ನೀವು ನೋಡಿ ಸರಿ ಅಂದ್ರೆ ನಾನು ಬಾಯಿ ಮುಚ್ಕೋತೀನಿ."

"ಬೂಟ್ ಬಿಚ್ಚಬೇಕೇನಮ್ಮಾ?"

"ಇಲ್ಲ ಸಾರ್. ಮೇಲೆ ಕವರ್ ಹಾಕ್ಕೊಂಡ್ರೆ ಸಾಕು."

ಬೂಟು ಬಿಚ್ಚಬೇಕಿಲ್ಲವೆಂಬ ಕಾರಣಕ್ಕೆ, ಸಮಿತಿಯ ಇತಿಹಾಸದಲ್ಲಿ ಮೊದಲ ಬಾರಿಗೆ ತಪಾಸಣೆ ನಡೆಯಿತು.

ದೊಡ್ಡಿಯಲ್ಲಿ ಕುರಿ ಮೂಲೆಗೆ ಮುಖಮಾಡಿ ನಿಂತಿತ್ತು. ಎಡ ಹಿಂಗಾಲು ನೆಲಕ್ಕೆ ಸೋಕುತ್ತಿರಲಿಲ್ಲ. ಕಿವಿಗಳು ಜೋತಿದ್ದವು, ದವಡೆ ಆಡುತ್ತಿತ್ತು. ಐದು ದಿನ ಕೊಡಬೇಕಾಗಿದ್ದ ನೋವಿನ ಚುಚ್ಚುಮದ್ದನ್ನು ಫಲಿತಾಂಶ ಕೆಡುತ್ತದೆಂದು ಮುರಳಿಮೋಹನ್ ಎರಡೇ ದಿನಕ್ಕೆ ನಿಲ್ಲಿಸಿದ್ದರು. ಧನಶ್ರೀ ಅಂದಿನಿಂದ ದಿನವೂ ಆಕ್ಷೇಪ ಬರೆದು ಕೊಡುತ್ತಿದ್ದಳು. ಅವು ಯಾವ ಫೈಲಿಗೂ ಸೇರಿರಲಿಲ್ಲ.

"ನೋಡಿ, ಆರಾಮಾಗಿ ಮೆಲುಕು ಹಾಕ್ತಿದೆ," ಎಂದರು ಮುರಳಿಮೋಹನ್. "ನೋವಿದ್ರೆ ಮೆಲುಕು ಹಾಕುತ್ತಾ?"

ಹತ್ತೂ ನಲವತ್ತೈದು. ಒಳಗೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಹಸಿರು ಬಟ್ಟೆ ಹಾಸುವ ಸದ್ದು ಕೇಳಿಸಿತು.

ಕೋದಂಡರಾಮಪ್ಪ ಬಾಗಿ ಕುರಿಯ ಗಂಟಲನ್ನೇ ನೋಡುತ್ತಿದ್ದರು. ಅವರ ಮುಖ ಬದಲಾಯಿತು. ಅವರು ನೆಟ್ಟಗೆ ನಿಂತು, ಕನ್ನಡಕ ಒರೆಸಿ, ಬಾಗಿಲ ಕಡೆ ತಿರುಗಿದರು.

"ಏನೋಪ್ಪ... ಸಹಿ ಆಗೋಗಿದೆ. ನಡೀರಿ."

ಅವರಿಗೆ ತಿಳಿದಿತ್ತು. ತಿಳಿದೂ ಹೊರಟಿದ್ದರು. ಆ ಹೆಜ್ಜೆಗಳೊಂದಿಗೆ ಕುರಿಯ ಬಲಗಾಲೂ ಹೋಯಿತೆಂದುಕೊಂಡಳು ಧನಶ್ರೀ.

ಆಗ ಮುರಳಿಮೋಹನ್, ಗೆದ್ದವರ ಉದಾರತೆಯಿಂದ, ಒಂದು ಮಾತು ಹೆಚ್ಚಾಗಿ ಆಡಿದರು.

"ಮೇಷ್ಟ್ರನ್ನ ಯಾಕೆ ಗೋಳು ಹುಯ್ಕೋತೀರಿ ಡಾಕ್ಟರಮ್ಮ? ಕುರಿ ವಿಷಯ ಪಾಪ ಅವರಿಗೇನು ಗೊತ್ತು?"

ಕೋದಂಡರಾಮಪ್ಪ ನಿಂತರು.

"ಏನಂದೆ?"

"ತಮಾಷೆಗೆ ಸರ್..."

"ನಮ್ಮ ನಾಯನ, ನನ್ನ ಹೆತ್ತಪ್ಪ, ಇನ್ನೂರು ಕುರಿ ಕಾಯ್ದೋನು ಕಣಯ್ಯಾ! ಮೆಲುಕು ಹಾಕಿದ್ರೆ ಗಂಟಲಲ್ಲಿ ಉಂಡೆ ಏರೋದು ಕಾಣ್ಬೇಕು. ಎಲ್ಲಿ ಏರ್ತಿದೆ, ತೋರಿಸು? ನೋವು ತಡೀಲಾರದೆ ಹಲ್ಲು ಕಡೀತಿದೆ ಅದು. ಚಿಕ್ಕ ಪಿಲ್ಲಲು, ಸಣ್ಣ ಮಕ್ಳೂ ಹೇಳ್ತಾವೆ. ನನಗೆ ಗೊತ್ತಿಲ್ವಂತೆ, ಗೊತ್ತಿಲ್ಲ!"

"ಸರ್, ಊಟ ಬಂದಿದೆ, ಕೂತು ಮಾತಾಡೋಣ..."

"ಯಾವ ಸಭೆ, ಯಾವ ಊಟ? ನಾನು ಎದ್ದೆ!"

ಹಲ್ಲು ಕಡಿಯುವುದನ್ನು ಕಂಡಾಗ ಕದಲದಿದ್ದ ಮನುಷ್ಯ, ತನ್ನ ಬಗ್ಗೆ ಆಡಿದ ಅರ್ಧ ವಾಕ್ಯಕ್ಕೆ ಕೆರಳಿದ್ದರು. ಸಭಾಕೊಠಡಿಗೆ ನುಗ್ಗಿ, ಹಾಳೆ ಎಳೆದುಕೊಂಡು ತಮ್ಮ ಸಹಿಯ ಮೇಲೆ ಎರಡು ಗೀಟು ಎಳೆದರು. ವಿಜ್ಞಾನಿಗಳು ನಿರ್ದೇಶಕರ ಮುಖ ನೋಡಿದರು. ಅವರು ನಗುತ್ತಿರಲಿಲ್ಲವಾದ್ದರಿಂದ ಇವರೂ ನಗಲಿಲ್ಲ. ಧನಶ್ರೀ ತನ್ನ ಸಹಿಯನ್ನೂ ಹೊಡೆದುಹಾಕಿದಳು.

ಹನ್ನೊಂದಾಯಿತು. ಒಳಗೆ ಹಾಸಿದ್ದ ಹಸಿರು ಬಟ್ಟೆಯನ್ನು ಯಾರೋ ಮಡಚಿದರು.

"ನಡಾವಳಿ ಬರೀಮ್ಮಾ," ಎಂದರು ಕೋದಂಡರಾಮಪ್ಪ, ಪೆನ್ನನ್ನು ಅವಳತ್ತ ತಳ್ಳಿ. "ಕುರಿ ನೋವನ್ನ ಮೊಟ್ಟಮೊದಲು ಪತ್ತೆ ಮಾಡಿದ್ದು ನಾನು ಅಂತ ಬರಿ. ಹೆಸರು ಪೂರ್ತಿ ಇರಲಿ. ಇಲ್ದಿದ್ರೆ ನಾನು ಸಹಿ ಹಾಕಲ್ಲ."

ಒಂಬತ್ತು ದಿನ, ಒಂಬತ್ತು ಆಕ್ಷೇಪ. ಧನಶ್ರೀ ಮೇಷ್ಟ್ರ ಮುಖವನ್ನೊಮ್ಮೆ ನೋಡಿದಳು. ನಂತರ, ದುಂಡಗಿನ ಅಕ್ಷರಗಳಲ್ಲಿ, ಅವರು ಹೇಳಿದಂತೆಯೇ ಬರೆದಳು. ಅವರು ಸಹಿ ಹಾಕುವ ತನಕ ಕಾದು, ನೋವಿನ ಮದ್ದಿನ ಸಿರಿಂಜು ತೆಗೆದುಕೊಂಡು ದೊಡ್ಡಿಯ ಕಡೆ ನಡೆದಳು.