ಬರಿ ಯಾವುದು?

“ಇದು ಇನ್‌ಸ್ಟಿಟ್ಯೂಟ್ ಅಲ್ವಾ ಮಾರಾಯ್ರೆ?” ಎಂದು ತುಳುವರ ಸಂಘದ ಅಧ್ಯಕ್ಷ ಧನಂಜಯ ಅರ್ಜಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದ, ಸತ್ತ ಜಿರಳೆಯನ್ನು ಹಿಡಿದ ಹಾಗೆ. “ನಮ್ಮ ವಿದ್ಯಾರ್ಥಿವೇತನ ಡಿಗ್ರಿಯವರಿಗೆ. ಟೈಪಿಂಗ್ ಕಲಿಯುವವರಿಗೆಲ್ಲ ಇಲ್ಲ.”

ವಾಸು ಸೋಫಾದ ತುದಿಯಲ್ಲಿ ಕೂತು ಮಗಳ ಕಡೆ ನೋಡಿದ. ಗಲ್ಫಿಗೆ ಬಂದು ಸೆಗಯಾದಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದ ಅವನು. ಜುಫೈರಿನ ಈ ಎತ್ತರದ ಫ್ಲ್ಯಾಟಿನಲ್ಲಿ ರಿಪೇರಿಗೆ ಬಂದಿದ್ದರೆ ಮಾತಾಡುತ್ತಿದ್ದ, ಕೇಳಲು ಬಂದಾಗ ಬಾಯಿ ಕಟ್ಟಿತ್ತು.

“ಡಿಗ್ರಿಯೇ ಅಂಕಲ್,” ಎಂದಳು ವಿನಿತಾ. “ಕ್ಲಾಸ್ ಮಾತ್ರ ಇಲ್ಲಿ, ಯೂನಿವರ್ಸಿಟಿ ಯು.ಕೆ.ಯದ್ದು. ನಿಮ್ಮ ರೂಲಲ್ಲಿ ಡಿಗ್ರಿ ಅಂತ ಉಂಟು, ಎಲ್ಲಿ ಕಲಿಬೇಕು ಅಂತ ಇಲ್ಲ. ಇದು ಲಾಸ್ಟ್ ಇಯರ್.”

ಸ್ವಲ್ಪ ಮುಂಚೆ ಅವಳ ಗೆಳತಿ ಅಪೇಕ್ಷಾಳೂ ಇದನ್ನೇ ಹೇಳಿ ನೋಡಿದ್ದಳು. ಒಂದೇ ಕಾಲೇಜು, ಒಂದೇ ಕ್ಲಾಸು. ಅವಳನ್ನೂ ಅವಳಪ್ಪ ಗುರುವಪ್ಪನನ್ನೂ ‘ಇನ್‌ಸ್ಟಿಟ್ಯೂಟಿಗೆ ಆಗುವುದಿಲ್ಲ’ ಎಂದು ಒಂದು ಲೋಟ ಚಹಾ ಕೂಡ ಕೊಡದೆ ಕಳಿಸಿದ್ದರು. ಇಬ್ಬರೂ ಈಗ ಕೆಳಗೆ ವಾಸುವಿನ ವ್ಯಾನಿನ ಹತ್ತಿರ ಕಾಯುತ್ತಿದ್ದರು. ಇವಳಿಗೂ ಆಗದಿದ್ದರೆ ಕೊನೆಯ ವರ್ಷ ಅಲ್ಲಿಗೇ ನಿಂತು, ಯಾವುದಾದರೂ ಅಂಗಡಿಯ ಕೌಂಟರೇ ಗತಿ.

“ಅದೆಲ್ಲ ಇರಲಿ. ಬರಿ?” ಎಂದ ಧನಂಜಯ.

ವಿನಿತಾ ಪೆನ್ನಿನ ಮುಚ್ಚಳ ತೆಗೆದಳು. “ಎಂತ ಬರಿಬೇಕು ಅಂಕಲ್?”

ಧನಂಜಯ ಹೊಟ್ಟೆ ಕುಲುಕಿಸಿ ನಕ್ಕ. “ಗಲ್ಫಿನ ಮಕ್ಕಳ ಕತೆ ನೋಡಿ! ಬರೆಯುವ ಬರಿ ಅಲ್ಲ ಮಗಾ. ನೀವು ಯಾವ ಬರಿ, ಯಾರ ಪೈಕಿ?”

ವಾಸುವಿಗೆ ನಗು ಬರಲಿಲ್ಲ. ತುಳುವರಲ್ಲಿ ಬರಿ ಎಂದರೆ ಕುಲ. ಬರಿ ಕೇಳಿದರೆ ಜಾತಿ ಕೇಳಿದ ಹಾಗೆಯೇ, ಕೇಳಿದವನ ಮರ್ಯಾದೆ ಮಾತ್ರ ಹೋಗುವುದಿಲ್ಲ. ಥೂ, ಸಮುದ್ರ ದಾಟಿದರೂ ಈ ಕಜ್ಜಿ ವಾಸಿಯಾಗಲಿಲ್ಲವಲ್ಲ ಎಂದುಕೊಂಡ. ಹಾಗೆಂದುಕೊಂಡೇ ಬರಿಯ ಹೆಸರು ಹೇಳಿಯೂಬಿಟ್ಟ. ಮಗಳ ವರ್ಷ ಕಣ್ಣ ಮುಂದಿತ್ತು.

“ಅಯ್ಯೋ, ನಮ್ಮವರೇ! ಮೊದಲೇ ಹೇಳುವುದಲ್ವಾ?” ಧನಂಜಯ ಎದ್ದು ಬಂದು ಒಂದಿಡೀ ಲಾಡನ್ನು ವಾಸುವಿನ ಬಾಯಿಗೆ ತುರುಕಿದ. “ಇನ್‌ಸ್ಟಿಟ್ಯೂಟಾದ್ರೆ ಎಂತ, ಡಿಗ್ರಿ ಡಿಗ್ರಿಯೇ. ಇಲ್ಲಿ ಒಂದು ಸೈನ್ ಹಾಕು ಮಗಾ.”

“ಹಾಗಾದ್ರೆ ಅಪೇಕ್ಷಾಳನ್ನೂ ಕರೀಲಾ ಅಂಕಲ್? ಕೆಳಗೇ ಇದ್ದಾಳೆ.”

“ಅವರದ್ದು ಬೇರೆ.”

“ಎಂತ ಬೇರೆ? ಸೇಮ್ ಕ್ಲಾಸ್ ಅಲ್ವಾ?”

ನೀವೇ ತಿಳಿಸಿ ಹೇಳಿ ಎನ್ನುವಂತೆ ಧನಂಜಯ ವಾಸುವಿಗೆ ಕಣ್ಣು ಮಿಟುಕಿಸಿದ. ಹೌದು, ನಾನೂ ಇವನ ಪೈಕಿಯೇ ಆಗಿಹೋದೆ ಎಂದುಕೊಂಡ ವಾಸು. ಬಾಯಲ್ಲಿ ಲಾಡು ಹಾಗೇ ಇತ್ತು, ನುಂಗಲಾಗಲಿಲ್ಲ.

ವಿನಿತಾ ಪೆನ್ನಿಗೆ ಮುಚ್ಚಳ ಹಾಕಿ ಟೀಪಾಯಿಯ ಮೇಲಿಟ್ಟಳು. ಅಪ್ಪನನ್ನೇ ನೋಡುತ್ತಿದ್ದಳು. ವಾಸು ಅರ್ಜಿಯನ್ನು ಎತ್ತಿಕೊಂಡು ಮಡಚಿ ಜೇಬಿಗೆ ಹಾಕಿಕೊಂಡ. “ಬಾ” ಎನ್ನಲೂ ಬಾಯಿ ತೆರೆಯದೆ ಬಾಗಿಲ ಕಡೆ ನಡೆದ.

ಕೆಳಗಿಳಿದದ್ದೇ ಗೋಡೆಯ ಬದಿಗೆ ಹೋಗಿ ಎಲ್ಲವನ್ನೂ ಉಗಿದ. ಗುರುವಪ್ಪ ಗಾಬರಿಯಾಗಿ ಓಡಿಬಂದ.

“ಎಂತ ಆಯ್ತು ವಾಸಣ್ಣ? ಅವಳದ್ದು ಆಯ್ತಾ?”

“ನಮ್ಮದೂ ಇನ್‌ಸ್ಟಿಟ್ಯೂಟೇ ಅಲ್ವಾ,” ಎಂದ ವಾಸು.

ಗುರುವಪ್ಪ ನೀರಿನ ಬಾಟಲಿ ಚಾಚಿದ. ಚಾಚಿದ ಮೇಲೆ ನೆನಪಾಗಿ, “ಎತ್ತಿ ಕುಡೀರಿ. ನಾನು ಕಚ್ಚಿ ಕುಡಿದದ್ದು,” ಎಂದು ಸಣ್ಣ ದನಿಯಲ್ಲಿ ಹೇಳಿದ.

ವಾಸು ಬಾಟಲಿಯ ಬಾಯಿಯನ್ನೇ ಕಚ್ಚಿ, ಕಣ್ಣು ಮುಚ್ಚಿ, ಅದು ಖಾಲಿಯಾಗುವವರೆಗೂ ಕುಡಿದ.